ಕೂರಲಾರದ ಸೋದರಮಾವ

ಅವಲಪಲ್ಲಿ, ಹೊಸೂರು
12-8-2025, ಮಂಗಳವಾರ

ಪ್ರೀತಿಯ ತಂಗಿ ಚಂದ್ರಲೇಖಾ,

ಉದ್ದನಪಲ್ಲಿಯಲ್ಲಿ ನೀನು, ಯುವರಾಜ್, ಮಗು ಸಿಂಧು ಕ್ಷೇಮವೇ? ಅವಳ ಕಿವಿಯ ಗಾಯ ಮಾಯಿತೇ? ನನ್ನ ಗಾಯ ಇನ್ನೂ ಮಾಯುತ್ತಿದೆ. ಯಾವ ಗಾಯವೆಂದು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ. ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ. ಅಂಚೆಯ ಮುನಿಶಾಮಿಯನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಈ ಕಾಗದ.

ಜೂನ್‌ನಲ್ಲಿ ಸಿಂಧುವಿಗೆ ಕಿವಿ ಚುಚ್ಚಿಸುವಾಗ ಅವಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದ ಸೋದರಮಾವ ನಾನು ಗರುಡಗಂಬದಂತೆ ನಿಂತೇ ಇದ್ದೆ. “ಹೊಸೂರ್ ಕಂಪ್ನಿ ಸೇರ್ದೋರು ನಮ್ಮನೆ ಚಾಪೆ ಮ್ಯಾಲೆ ಕೂತ್ಕಂತಾರಾ?” ಎಂದರು ನಿಮ್ಮತ್ತೆ ಗೋವಿಂದಮ್ಮನವರು. ನಾನು ಹಲ್ಲು ಕಚ್ಚಿದ್ದನ್ನು ಎಲ್ಲರೂ ನಗು ಎಂದುಕೊಂಡರು. ಯಾಕೆ ನಿಂತಿದ್ದೀಯ ಎಂದು ಒಬ್ಬರೂ ಕೇಳಲಿಲ್ಲ. ಸೊಕ್ಕು ಎಂಬ ಉತ್ತರ ಸಿದ್ಧವಾಗಿತ್ತು. ನಮ್ಮ ದೊಡ್ಡಪ್ಪನ ಮಗ ನಂದೀಶ ಬಂದು ಕೂತ. ನಾನು ಹೊರಟಾಗ ನೀನು, “ಇನ್ಮ್ಯಾಲೆ ಈ ಮನೇಗ್ ಮಖ ತೋರಿಸ್‌ಬ್ಯಾಡ ಕಣಣ್ಣಾ” ಎಂದೆ. ತಪ್ಪು ಮುಖದ್ದಾಗಿರಲಿಲ್ಲ ತಾಯಿ.

ಮಲದ್ವಾರದಲ್ಲಿ ಬಿರುಕು. ಡಾಕ್ಟರು ಫಿಶರ್ ಎನ್ನುತ್ತಾರೆ. ನಾನು ಎಂಟು ತಿಂಗಳು ಅದನ್ನು ಸೊಂಟನೋವೆಂದು ಕರೆದು ಮರ್ಯಾದೆ ಉಳಿಸಿಕೊಂಡೆ. ಮುಲಾಮಿಗೂ ಮಾತ್ರೆಗೂ ಬಗ್ಗದೆ ಹೋದ ವಾರ ಆಪರೇಷನ್ ಆಯಿತು. ಬೆನ್ನಿಗೊಂದು ಇಂಜೆಕ್ಷನ್ ಕೊಟ್ಟರು, ಸೊಂಟದಿಂದ ಕೆಳಗಿನ ಮೈ ಯಾರದೋ ಆಯಿತು. ಒಳಗೆ ಬಿಗಿದುಕೊಂಡಿರುವ ಸ್ನಾಯುವನ್ನು ಒಂಚೂರು ಕತ್ತರಿಸಿ ಸಡಿಲ ಮಾಡುತ್ತಾರಂತೆ, ಅಷ್ಟೇ. ಸಂಜೆಗೆ ಮನೆಗೆ ಕಳಿಸಿದರು. “ತಿಣಕ್‌ಬ್ಯಾಡಿ ಸಾರ್, ನೀರ್ ಕುಡೀರಿ, ಸೊಪ್ಪು ತಿನ್ನಿ” ಎಂದು ನರ್ಸ್ ಭಾಗ್ಯಮ್ಮ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಉಪದೇಶ ಮಾಡಿದರು. ಈಗ ದಿನಕ್ಕೆ ಮೂರು ಸಲ ಬೆಚ್ಚನೆ ನೀರಿನ ಟಬ್ಬಿನಲ್ಲಿ ನನ್ನ ಪಟ್ಟಾಭಿಷೇಕ. ಮೊದಲ ಸಲ ಕಕ್ಕಸಿಗೆ ಹೋಗುವಾಗ ಮನೆದೇವರಿಗೆ ಹರಕೆ ಹೊತ್ತೆ. ಹಳೆಯ ನೋವಿನ ಕಾಲುಭಾಗವೂ ಇರಲಿಲ್ಲ. ಬಟ್ಟೆಗೆ ಒಂದಿಷ್ಟು ರಕ್ತದ ಕಲೆ ಆಗುತ್ತದೆ, ಪೂರ್ತಿ ಮಾಯಲು ಆರು ವಾರ ಬೇಕಂತೆ. ಇಷ್ಟು ಸಣ್ಣ ಕೆಲಸಕ್ಕೆ ನಾಚಿಕೊಂಡು ಎಂಟು ತಿಂಗಳು ಕಳೆದೆ, ಇರುವ ಒಬ್ಬಳು ತಂಗಿಯನ್ನೂ ಕಳೆದುಕೊಂಡೆ.

ಸಿಂಧುವಿಗೆ ನೂರು ವರ್ಷ ಆಯಸ್ಸಿರಲಿ. ಅವಳಿಗೆಂದು ತಂದಿದ್ದ ಓಲೆ ಇನ್ನೂ ಆ ದಿನದ ಅಂಗಿಯ ಜೇಬಿನಲ್ಲೇ ಇದೆ.

ನಿಂತುಕೊಂಡೇ ಬರೆಯುತ್ತಿರುವ ನಿನ್ನಣ್ಣ,
ಕಿರಣ್‌ಕುಮಾರ್

ಮರೆತಿದ್ದೆ: ಮುಂದಿನ ತಿಂಗಳು ಮಗುವಿನ ಮುಡಿ ಕೊಡುವಾಗಲೂ ನಂದೀಶನೇ ಕೂರುತ್ತಾನೆಂದು ಕೇಳಿದೆ. ಈ ಕಾಗದವನ್ನು ನಿಮ್ಮತ್ತೆಗೆ ಜೋರಾಗಿ ಓದಿ ಹೇಳು. ಮಲದ್ವಾರ ಅಂದರೆ ತಿಳಿಯದಿದ್ದರೆ ಕುಂಡಿ ಎಂದೇ ಓದು, ದನಿ ತಗ್ಗಿಸಬೇಡ. ಮಾನ ಹೋದರೆ ಹೋಗಲಿ, ಮಗು ನನ್ನ ತೊಡೆಗೆ ಬರಲಿ.