ಕತ್ತಲಾಗುವುದರೊಳಗೆ

ವೆಂಡೆಲ್,

ಕೊನೆಗೂ ಗ್ರ್ಯಾಂಡ್ ಕ್ಯಾನಿಯನ್ ನೋಡಿದೆ. ನೀನು ತೀರಿಕೊಂಡ ಮೇಲೆ ನಾನು ಕಟ್ಟಿಕೊಂಡ ರಸೆಲ್, ಒಹಾಯೊದಿಂದ ಇಲ್ಲಿಯವರೆಗೆ ನೋಡುವ ಜಾಗದ ಒಂದು ಬೋರ್ಡನ್ನೂ ಬಿಡದೆ ಕಾರು ನಿಲ್ಲಿಸಿದ್ದಾನೆ. ನೀನು ಪೆಟ್ರೋಲಿಗೆ ಬಿಟ್ಟರೆ ನಿಲ್ಲಿಸುತ್ತಿರಲಿಲ್ಲ. ಎಷ್ಟು ಬೇಗ ತಲುಪಿದೆವೆಂದು ನಿನ್ನ ತಮ್ಮನಿಗೆ ಫೋನಿನಲ್ಲಿ ಹೇಳಿಕೊಳ್ಳುವುದೇ ನಿನಗೆ ಪ್ರವಾಸ.

ಇವತ್ತು ಕಣಿವೆಯ ಅಂಚಿನಲ್ಲಿ ರಸೆಲ್ ಮಡಚುವ ಕುರ್ಚಿಗಳನ್ನು ಹಾಕಿ, "ಎಷ್ಟೊತ್ತು ಬೇಕಾದ್ರೂ ನೋಡು, ಅರ್ಲೀನ್," ಅಂದ.

ನಾನು ಒಮ್ಮೆ ಕೆಳಗೆ ಇಣುಕಿದವಳೇ, "ಸರಿ, ನೋಡಾಯ್ತಲ್ಲ. ಕತ್ತಲಾಗೋದ್ರೊಳಗೆ ಫ್ಲ್ಯಾಗ್‌ಸ್ಟಾಫ್ ಸೇರ್ಕೊಳ್ಳೋಣ, ನಡಿ," ಅಂದೆ.

ಕಾಫಿ ಬಗ್ಗಿಸುತ್ತಿದ್ದವನು ತಲೆಯೆತ್ತಲಿಲ್ಲ. "ಯಾಕೆ, ಅಲ್ಲಿ ಯಾರು ಕಾಯ್ತಿದಾರೆ ನಮಗೆ?"

ಇದನ್ನು ನಾನು ನಿನ್ನನ್ನು ಒಮ್ಮೆಯೂ ಕೇಳಿರಲಿಲ್ಲ. ಕುರ್ಚಿಯಲ್ಲಿ ಕೂತೆ. ಕತ್ತಲಾಗುವವರೆಗೂ ಏಳಲಿಲ್ಲ.

ಅರ್ಲೀನ್