ಗುಳ್ಳೆ ಎಂದವಳು ನೀನು

ಗುಬ್ಬಿ,

ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ತಿನ್ನು.

ನಿನ್ನ ಗುಲಾಬಿ ಕುಂಡದ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ವೈರಸ್ ಸಿಕ್ಕಿತೆಂದು ಭಾನುವಾರ ಊಟಕ್ಕೆ ಕೂತಾಗ ನಾನು ಎಲ್ಲರಿಗೂ ಲ್ಯಾಬಿನ ತಟ್ಟೆಯ ಫೋಟೋ ತೋರಿಸಿ, ವೈರಸ್ ಬ್ಯಾಕ್ಟೀರಿಯಾ ಕೊಂದ ಕಡೆಯೆಲ್ಲ ಚುಕ್ಕೆ ಬಿದ್ದಿದೆ ಎಂದು ಮೆರೆದೆ. "ಅಮ್ಮಾ, ಈ ಚುಕ್ಕೆಗಳು ಗಾಳಿಗುಳ್ಳೆ ಥರ ಇವೆಯಲ್ಲಾ" ಅಂದೆ ನೀನು. "ನಿಂಗೇನು ಗೊತ್ತಾಗುತ್ತೆ, ಸುಮ್ನೆ ತಿನ್ನು" ಎಂದು ನಿನ್ನ ಅತ್ತೆಯ ಎದುರೇ ನಿನ್ನ ಬಾಯಿ ಮುಚ್ಚಿಸಿದೆ.

ಆಮೇಲೆ ಆ ಚುಕ್ಕೆಗಳಿಗೆ ತಾಗಿಸಿದ ಕಡ್ಡಿಯನ್ನು ಬ್ಯಾಕ್ಟೀರಿಯಾ ಇರುವ ಹೊಸ ತಟ್ಟೆಗೂ ತಾಗಿಸಿದ್ದೆ. ವೈರಸ್ ಆಗಿದ್ದರೆ ಅಲ್ಲೂ ಚುಕ್ಕೆ ಬೀಳಬೇಕಿತ್ತು. ನಿನ್ನೆ ನೋಡಿದರೆ ಒಂದೂ ಇಲ್ಲ. ಅವು ನಾನು ಅವಸರದಲ್ಲಿ ತಟ್ಟೆಗೆ ಬಿಸಿ ಅಗಾರ್ ಜೆಲ್ಲಿ ಸುರಿದಾಗ ಎದ್ದ ಗುಳ್ಳೆಗಳೇ. ಮನೆಗೆ ಬಂದು ಹೇಳೋಣವೆಂದರೆ ನಿನಗೆ ಮುಖ ಕೊಟ್ಟು ಮಾತಾಡಲಾಗಲಿಲ್ಲ. ಓದಿಕೊಂಡೆಯಾ ಎಂದಷ್ಟೇ ಕೇಳಿ ಒಳಗೆ ಹೋಗಿಬಿಟ್ಟೆ.

ಕುಂಡಕ್ಕೆ ನೀರು ಹಾಕುವ ಮೊದಲು ಬೇರಿನ ಪಕ್ಕದ ಮಣ್ಣು ಸ್ವಲ್ಪ ತೆಗೆದು ತೊಳೆದ ಡಬ್ಬಿಯಲ್ಲಿಡು. ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ.

ಸಂಜೆ ಅತ್ತೆ ಫೋನ್ ಮಾಡಿ ನನ್ನ ವೈರಸ್ ಹೇಗಿದೆ ಎಂದು ಕೇಳುತ್ತಾರೆ. ಅದು ಗುಳ್ಳೆ ಎಂದು ನೀನೇ ಹೇಳು. ನಾನು ಹೇಳಹೊರಟರೆ ಏನಾದರೊಂದು ನೆಪ ಸೇರಿಸಿಬಿಡುತ್ತೇನೆ.

ಅಮ್ಮ