ನಿದ್ದೆಗೆ ಹಾಕಿಸಿಕೊಂಡ ಸೂಜಿ

ರೀ,

ನೀವು ಇದ್ದಾಗ ನಿಮಗೆ ಒಂದು ಸಾಲೂ ಬರೆದವಳಲ್ಲ ನಾನು. ಒಂದೇ ಸೂರಿನ ಕೆಳಗಿದ್ದವರಿಗೆ ಕಾಗದ ಯಾಕೆ ಬೇಕಿತ್ತು? ಈಗ ಒಂದು ಸುದ್ದಿ ಇದೆ, ನಿಮಗೆ ಹೇಳದೆ ಇರಲಾಗುತ್ತಿಲ್ಲ. ಆದರೆ ಸ್ವಲ್ಪ ಹಿಂದಿನಿಂದ ಶುರುಮಾಡುತ್ತೇನೆ. ನಿಮಗೆ ಗೊತ್ತಿರುವುದೇ. ಆದರೂ ನನ್ನ ಬಾಯಿಂದ ಕೇಳಿಲ್ಲವಲ್ಲ.

ಆ ಬೆಳಿಗ್ಗೆ ನೆನಪಿದೆಯೇ? ಮೇಷ್ಟ್ರ ಮಗಳ ಮದುವೆ ರವಿಕೆಯ ತೋಳುಗಳೆರಡನ್ನೂ ನಾನು ಬಲಗೈಗೇ ಕತ್ತರಿಸಿಟ್ಟಿದ್ದೆ. ಗುಡ್ಡೆಹೊಸೂರಿನಲ್ಲಿ ಅಷ್ಟು ವರ್ಷ ಹೊಲಿಗೆ ಅಂಗಡಿ ನಡೆಸಿದವಳು! ಕತ್ತರಿ ಬಿಸಾಡಿ ಅಳುತ್ತಾ ಕೂತೆ. ಮೊದಲ ಟ್ರಿಪ್ಪಿಗೆ ಹೊರಟಿದ್ದ ನೀವು ಕಂಡಕ್ಟರ್ ಚೀಲ ಇಳಿಸಿ ಪಕ್ಕದಲ್ಲಿ ಕೂತಿರಿ. ಆಗ ನಾವು ಸರಿಯಾಗಿ ಮಾತಾಡಿ ಎಷ್ಟೋ ಕಾಲವಾಗಿತ್ತು. ಮುಟ್ಟು ನಿಲ್ಲುತ್ತಾ ಬಂದಂತೆ ನನಗೆ ನಿದ್ದೆಯೂ ನಿಂತುಹೋಗಿತ್ತು. ಮೈಯೊಳಗೆ ಯಾರೋ ಒಲೆ ಹಚ್ಚಿದಂತೆ ಉರಿ, ಹಿಂದೆಯೇ ಬೆವರು. ನನ್ನ ಹೊರಳಾಟ ನಿಮಗೆ ತೊಂದರೆಯಾಗದಿರಲಿ ಎಂದು ಚಾಪೆ ಹಿಡಿದು ಹೊರಕೋಣೆಗೆ ಹೋದೆ. ನೀವು ಅದನ್ನು ಬೇರೆಯೇ ತಿಳಿದುಕೊಂಡಿರಿ. ಕೇಳಬಹುದಿತ್ತು ನೀವು. ಹೇಳಬಹುದಿತ್ತು ನಾನು…

"ಎಲ್ಲಾ ಹೆಂಗಸ್ರಿಗೂ ಆಗೋದೇ ಅಂತ ಸುಮ್ನಿದ್ದೆ" ಎಂದೆ.

"ಎಲ್ರಿಗೂ ಆಗೋದು ಅಂತ ಎಲ್ರೂ ಸುಮ್ನೆ ಒದ್ದಾಡ್ಬೇಕೇನೆ?" ಎಂದಿರಿ. ಅವತ್ತು ನಿಮ್ಮ ಬಸ್ಸು ಬೇರೆ ಕಂಡಕ್ಟರ್ ಜೊತೆ ಹೋಯಿತು.

ಆಸ್ಪತ್ರೆಯಲ್ಲಿ ರಕ್ತ ನೋಡಿದರು, ಥೈರಾಯ್ಡ್ ನೋಡಿದರು. ಬಿಪಿಗೆ ಮಾತ್ರೆ ಕೊಟ್ಟರು. ನಿದ್ದೆ ಮಾತ್ರೆ ನುಂಗಿದ ಮರುದಿನ ಮೆಷಿನ್ ಮುಂದೆ ತೂಕಡಿಸಿ ಬೆರಳು ಚುಚ್ಚಿಕೊಂಡೆ. ಆಗ ನೀವು ಆ ಮಲಯಾಳಿ ಡಾಕ್ಟರಮ್ಮನ ವಿಷಯ ತಂದಿರಿ. ಕುಶಾಲನಗರದಿಂದ ನಿಮ್ಮ ಬಸ್ಸಲ್ಲೇ ಮಡಿಕೇರಿಗೆ ಹೋಗಿ ಚೀನಾದವರ ಸೂಜಿ ಚಿಕಿತ್ಸೆ ಮಾಡುತ್ತಿದ್ದವರು. ನನ್ನ ಕಷ್ಟವನ್ನೆಲ್ಲ ಅವರಿಗೆ ಟಿಕೆಟ್ ಕೊಡುತ್ತಲೇ ಒದರಿಬಿಟ್ಟಿದ್ದಿರಂತೆ. ಬಸ್ಸಿನಲ್ಲಿ ಇನ್ನೆಷ್ಟು ಜನ ಕೇಳಿಸಿಕೊಂಡರೋ!

ಅವರ ಕೋಣೆಯಲ್ಲಿ ಮೊದಲ ದಿನ ನಾನು ಮಂಚ ಹತ್ತಲೇ ಇಲ್ಲ.

"ದಿನವಿಡೀ ಸೂಜಿ ಹಿಡಿಯೋಳು ನೀನು, ಹೆದರ್ತೀಯಲ್ಲೇ" ಎಂದಿರಿ.

"ನಾನು ಚುಚ್ಚೋದು ಬಟ್ಟೆಗೆ."

ನೀವು ಅಂಗಿಯ ತೋಳು ಮಡಚಿ ಕೈ ಚಾಚಿದಿರಿ. "ಮೊದ್ಲು ನಂಗೆ ಹಾಕಿ ಡಾಕ್ಟ್ರೇ. ಇವ್ಳು ನೋಡ್ಲಿ." ಸೂಜಿ ತಾಕುವ ಮೊದಲೇ ಕಣ್ಣು ಗಟ್ಟಿಯಾಗಿ ಮುಚ್ಚಿ, ಕಷಾಯ ಕುಡಿಯುವ ಮಗುವಿನ ಮುಖ ಮಾಡಿದಿರಿ. ನಾನು ನಕ್ಕುಬಿಟ್ಟೆ. ನಗುತ್ತಲೇ ಮಲಗಿದೆ.

ಡಾಕ್ಟರಮ್ಮ ಕಣಕಾಲಿಗೆ, ಮಣಿಕಟ್ಟಿಗೆ, ಹುಬ್ಬುಗಳ ನಡುವೆ ಕೂದಲೆಳೆಯಂಥ ಸೂಜಿ ನಿಲ್ಲಿಸುತ್ತಾ, ತಮ್ಮ ಭಾಷೆಯಲ್ಲಿ ನನ್ನನ್ನು ಅಕ್ಕ ಎಂದು ಕರೆದು ಹೇಳಿದರು: "ಚೀನಾ ವೈದ್ಯದಲ್ಲಿ ಹೇಳೋದು ಹೀಗೆ ಚೇಚಿ. ಕೆಳಗೆ ಕಿಡ್ನಿಯಲ್ಲಿ ನೀರು, ಮೇಲೆ ಹೃದಯದಲ್ಲಿ ಬೆಂಕಿ. ಈ ವಯಸ್ಸಲ್ಲಿ ನೀರು ಕಮ್ಮಿ ಆಗುತ್ತೆ. ಆಮೇಲೆ ಬೆಂಕಿಗೂ ನೀರಿಗೂ ಮಾತಿಲ್ಲ. ಅದಕ್ಕೇ ನಿದ್ದೆ ಇಲ್ಲ."

"ನಮ್ಮನೇಲೂ ಅದೇ ಕಥೆ ಡಾಕ್ಟ್ರೇ" ಎಂದಿರಿ ನೀವು. ನನಗೆ ನಾಚಿಕೆಯಾಯಿತು. ಯಾಕೋ ಕಣ್ಣಲ್ಲಿ ನೀರೂ ಬಂತು.

ಅವರು ಸುಳ್ಳು ಭರವಸೆ ಕೊಟ್ಟವರಲ್ಲ. "ಇದು ಮಂತ್ರ ಅಲ್ಲ ಕೇಟ್ಟೋ, ತಿಳೀತಾ? ಕೆಲವರಿಗೆ ಚೆನ್ನಾಗಿ ಹಿಡಿಯುತ್ತೆ, ಕೆಲವರಿಗೆ ಸ್ವಲ್ಪ, ಕೆಲವರಿಗೆ ಇಲ್ಲವೇ ಇಲ್ಲ. ಬಿಪಿ ಮಾತ್ರೆ ಮಾತ್ರ ಬಿಡಬೇಡಿ" ಎಂದರು. ಎಲಚಿ ಬೀಜದ ಕಷಾಯವೂ ಉಂಟಂತೆ ಆ ವೈದ್ಯದಲ್ಲಿ. ಬಿಪಿ ಮಾತ್ರೆ ನುಂಗುವವಳಿಗೆ ಬೇಡ ಎಂದು ಕೊಡಲಿಲ್ಲ. ಕಿವಿಯ ಮೇಲೆ ಸಣ್ಣ ಕಪ್ಪು ಬೀಜಗಳನ್ನಿಟ್ಟು ಪಟ್ಟಿ ಅಂಟಿಸಿ, ಆಗಾಗ ಒತ್ತಿಕೊಳ್ಳಿ ಎಂದರು. "ಕಿವಿಗೆ ಒಗ್ಗರಣೆ ಹಾಕಿಸ್ಕೊಂಡ್ಯಾ?" ಎಂದು ನೀವು ಮೆಟ್ಟಿಲಿಳಿಯುವ ತನಕ ನಗಿಸಿದಿರಿ.

ಮೂರನೆಯ ಸಲವೋ ನಾಲ್ಕನೆಯದೋ, ಸೂಜಿ ಹಾಕಿಸಿಕೊಂಡು ಮನೆಗೆ ಮರಳಲು ಮೈಸೂರಿಗೆ ಹೋಗುವ ಬಸ್ಸು ಹತ್ತಿದ್ದೆವು. ಸುಂಟಿಕೊಪ್ಪ ಬಂದದ್ದು ಗೊತ್ತು. ಆಮೇಲೆ ಕಣ್ಣು ಬಿಟ್ಟಾಗ ಹೊರಗೆ ಬಯಲು, ಹೊಗೆಸೊಪ್ಪಿನ ಹೊಲ. ನನ್ನ ತಲೆ ನಿಮ್ಮ ಹೆಗಲ ಮೇಲೆ.

"ಅಯ್ಯೋ, ಎಲ್ಲಿದೀವಿ?"

"ಪಿರಿಯಾಪಟ್ಟಣ ಬಂತು."

"ನಮ್ಮ ಸ್ಟಾಪು?"

"ಬಂತು. ಹೋಯ್ತು."

ನಿದ್ದೆ ಹೋದವರನ್ನು ಅವರವರ ಸ್ಟಾಪಿನಲ್ಲಿ ತಟ್ಟಿ ಎಬ್ಬಿಸುವುದೇ ಜೀವಮಾನದ ಕೆಲಸವಾಗಿದ್ದ ನೀವು, ನನ್ನನ್ನು ಎಬ್ಬಿಸಲಿಲ್ಲ. ಹೊಳೆ ದಾಟಿ, ಜಿಲ್ಲೆ ದಾಟಿ, ಅಲುಗಾಡದೆ ಕೂತೇ ಬಂದಿರಿ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತಿಂದು ತಿರುಗಿ ಬಂದೆವು. ಅವತ್ತು ಸಂಜೆಯೇ ನಾನು ಚಾಪೆಯನ್ನು ಒಳಗೆ ತಂದೆ. ನೀವು ನೋಡಿಯೂ ನೋಡದಂತೆ ರೇಡಿಯೋ ತಿರುಗಿಸುತ್ತಿದ್ದಿರಿ, ಅಲ್ಲವೇ?

ಊಟವಾದ ಮೇಲೆ ನನ್ನ ಮಣಿಕಟ್ಟು ಹಿಡಿದು ಕೂರುತ್ತಿದ್ದಿರಿ. ಕಿರುಬೆರಳಿನ ಕಡೆಯ ಸಣ್ಣ ಗುಳಿ. ಅದಕ್ಕೆ ಚೀನಾದವರು ಮನಸ್ಸಿನ ಬಾಗಿಲು ಎನ್ನುತ್ತಾರೆಂದು ಡಾಕ್ಟರಮ್ಮ ನಿಮಗೆ ತೋರಿಸಿಕೊಟ್ಟಿದ್ದರು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಆ ದಿನದ ಬಸ್ಸಿನ ಕಥೆಯೆಲ್ಲ ಹೇಳುತ್ತಿದ್ದಿರಿ. ಭಾಗಮಂಡಲದ ಅಜ್ಜಿ ಕೋಳಿಗೆ ಟಿಕೆಟ್ ಯಾಕೆ ಎಂದು ಜಗಳವಾಡಿದ ಕಥೆ ಕೊನೆಗೆ ಏನಾಯಿತು? ಇವತ್ತಿಗೂ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ನಿದ್ದೆ. ಉರಿ ಪೂರ್ತಿ ಹೋಗಲಿಲ್ಲ. ಕೆಲವು ದಿನ ನಿದ್ದೆ ಬರಲೂ ಇಲ್ಲ. ಆದರೆ ಹೆದರಿಕೆ ಹೋಯಿತು. ಸೂಜಿಯಿಂದಲೋ, ಬೀಜದಿಂದಲೋ, ನಿಮ್ಮ ಹೆಬ್ಬೆರಳಿನಿಂದಲೋ, ಯಾರಿಗೆ ಗೊತ್ತು?

ಹೋದ ಮಳೆಗಾಲದಲ್ಲಿ ಎದೆ ಹಿಡಿದುಕೊಂಡಿರಿ. ಮೈಸೂರಿನ ಆಸ್ಪತ್ರೆ ಮುಟ್ಟುವ ಮೊದಲೇ…

ನಿಮ್ಮ ತಿಥಿಗೆ ಬಂದ ನಿಮ್ಮ ತಂಗಿ ಶಾರದ ನನ್ನ ಜೊತೆ ಉಳಿದಳು. ಒಂದು ದಿನ ಅಕ್ಕಿ ಆರಿಸುತ್ತಾ, "ಅತ್ಗೆ, ಅಣ್ಣ ಕನಸಲ್ಲಿ ಬಂದಿದ್ದ. ಚೆನ್ನಾಗಿದಾನೆ" ಎಂದಳು. ನಿಮ್ಮ ಡ್ರೈವರ್‌ ಕನಸಿಗೂ ಬಂದಿದ್ದಿರಂತೆ. ನನಗೆ ಎಷ್ಟು ಹೊಟ್ಟೆಕಿಚ್ಚಾಯಿತು ಗೊತ್ತೇ! ನನ್ನ ಹತ್ತಿರ ಮಾತ್ರ ಯಾಕೆ ಬರಲಿಲ್ಲ ಎಂದು ನಿಮ್ಮನ್ನೇ ಬೈದುಕೊಂಡೆ. ಆಮೇಲೆ ಹೊಳೆಯಿತು. ನೀವು ಹೋದಂದಿನಿಂದ ಮತ್ತೆ ನಿದ್ದೆಯೇ ಇಲ್ಲದವಳ ಹತ್ತಿರ ನೀವಾದರೂ ಯಾವ ದಾರಿಯಲ್ಲಿ ಬರುತ್ತೀರಿ?

ಮರುದಿನವೇ ಒಬ್ಬಳೇ ಮಡಿಕೇರಿಗೆ ಹೋದೆ. ಡಾಕ್ಟರಮ್ಮ ನಿಮ್ಮ ಖಾಲಿ ಕುರ್ಚಿ ನೋಡಿ ಕನ್ನಡಕ ಒರೆಸಿಕೊಂಡರು. "ದುಃಖಕ್ಕೆ ನನ್ನ ಹತ್ತಿರ ಸೂಜಿ ಇಲ್ಲ ಚೇಚಿ" ಎಂದರು.

"ದುಃಖ ಇರ್ಲಿ ಡಾಕ್ಟ್ರೇ. ಅವ್ರು ಬರೋವಷ್ಟು ನಿದ್ದೆ ಸಾಕು" ಎಂದೆ.

ವಾರವಾರವೂ ಹೋದೆ. ಮನೆಯಲ್ಲಿ ಆ ಗುಳಿಯನ್ನು ನಾನೇ ಒತ್ತಿಕೊಳ್ಳಲು ಕಲಿತೆ. ಮೊದಮೊದಲು ಏನೂ ಆಗಲಿಲ್ಲ. ಬಿಡಲಿಲ್ಲ ನಾನು.

ಸುದ್ದಿ ಇದು: ಮೊನ್ನೆ ಬಂದಿರಿ. ಅಂಗಡಿಯ ಬಾಗಿಲಲ್ಲಿ ನಿಂತು ಒದ್ದೆ ಕೊಡೆ ಜಾಡಿಸುತ್ತಿದ್ದಿರಿ. ಬಟ್ಟೆಗೆ ನೀರು ಸಿಡಿಯುತ್ತೆ ಎಂದು ಬೈದೆ. ನಕ್ಕಿರಿ. "ಒಂದು ಶುಂಠಿ ಟೀ ಇಡ್ತೀಯಾ?" ಎಂದಿರಿ. ಸ್ಟವ್ ಹಚ್ಚುವಷ್ಟರಲ್ಲಿ ಬೆಳಗಾಯಿತು.

ಟೀ ಹಾಗೇ ಉಳಿದಿದೆ. ಇವತ್ತು ಅಂಗಡಿ ಬೇಗ ಮುಚ್ಚಿ ಬೇಗ ಮಲಗುತ್ತೇನೆ. ಬನ್ನಿ.